ಗುರುಬಸು ಕಾಕಾನ ಆಕಳು

ಬಿಜ್ಜರಗಿಯ ಹುಲ್ಲೆಲ್ಲ ಗುರುಬಸು ಕಾಕಾನ ಕೈಯಲ್ಲಿತ್ತು. ಅವನ ಮನೆಯಲ್ಲಿ ಮಾತ್ರ ಹುಲ್ಲು ತಿನ್ನುವ ಒಂದು ಬಾಯಿಯೂ ಇರಲಿಲ್ಲ. ಊರ ಹುಲ್ಲುಗಾವಲು ಕಾಯುವವನು ಒಂದು ಆಡನ್ನೂ ಸಾಕಬಾರದೆಂಬುದು ಹಿಂದಿನಿಂದ ಬಂದ ಕಟ್ಟು. ಮೊಸರೆಂದರೆ ಪ್ರಾಣ ಬಿಡುವ ಮನುಷ್ಯನನ್ನೇ ಊರು ಆ ಕೆಲಸಕ್ಕೆ ಹಿಡಿದಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಹುಲ್ಲಿನ ತುಂಬ ಹಳದಿ, ನೇರಳೆ ಹೂ. ಅವು ಒಣಗಿ ಬೀಜ ಉದುರುವ ತನಕ ದನ ಬಿಡುವಂತಿಲ್ಲ, ಕೊಯ್ಯುವಂತಿಲ್ಲ. "ಹೂ ಉದುರೂತನಕ ಕುಡಗೋಲು ಮನ್ಯಾಗ ಮಲಗಲಿ," ಎಂದು ಕಾಕಾ ಬೈಗುಳಗಳ ನಡುವೆ ಹೇಳುತ್ತಿದ್ದ. ಕಟ್ಟು ಮುರಿದವರು ಕೊಯ್ಲಿನ ದಿನ ಸಾಲಿನ ಕೊನೆಗೆ ನಿಲ್ಲಬೇಕು. ಅವರ ಪಾಲಿಗೆ ದಾರಿ ದಂಡೆಯ ತುಳಿದ ಹುಲ್ಲು. ಮೊದಲ ಕುಡಗೋಲು ಕಾಕಾನದು. ಕೊಯ್ದ ಹೊರೆಯನ್ನು ಯಾರಿಗೋ ಕೊಟ್ಟುಬಿಡುತ್ತಿದ್ದ; ಆದರೆ ಆ ಒಂದು ಹೊತ್ತು ಅವನದು ಗೌಡರ ನಡಿಗೆ.

ಒಂದು ವರ್ಷ, ಅರಕೇರಿಗೆ ಮದುವೆ ಮಾಡಿ ಕೊಟ್ಟಿದ್ದ ಮಗಳು, ಅಪ್ಪ ಒಣರೊಟ್ಟಿ ತಿನ್ನುತ್ತಾನೆಂದು ಮರುಗಿ, ಹಾಲು ಕರೆಯುವ ಆಕಳೊಂದನ್ನು ಕಳಿಸಿದಳು. ಕಾಕಾ ಅದನ್ನು ನೆರೆಮನೆಯ ಹುಸೇನಸಾಬನ ಕೊಟ್ಟಿಗೆಯಲ್ಲಿ ಕಟ್ಟಿ, ಹುಸೇನಸಾಬನದೇ ಎಂದ. ದಿನಾ ಒಂದು ಗಡಿಗೆ ಮೊಸರು ಗೋಡೆ ದಾಟಿ ಬರುತ್ತಿತ್ತು. ಊರಿಗೆ ಗೊತ್ತಿತ್ತೋ? ಗೊತ್ತಾಗದೆ ಇರಲು ಊರು ಅಷ್ಟು ದೊಡ್ಡದಲ್ಲ.

ಹೂ ಇನ್ನೂ ಇದ್ದಾಗಲೇ ಒಂದು ಮಧ್ಯಾಹ್ನ ಆ ಆಕಳು ಹಗ್ಗ ಹರಿದುಕೊಂಡು ಹುಲ್ಲುಗಾವಲಿಗೆ ನುಗ್ಗಿತು. ಕಾಕಾ ಕೋಲೆತ್ತಿ ಓಡಿದ. ವಿಜಾಪುರದ ಕಾಲೇಜಿನಿಂದ ರಜೆಗೆ ಬಂದಿದ್ದ ನಾನೂ ಜನರ ಹಿಂದೆ ಹೋದೆ. ಆಕಳು ಬೆದರಲಿಲ್ಲ, ಬಂದು ಅವನ ಕೈ ನೆಕ್ಕಿತು. ಹಾಗೆಂದು ನನ್ನ ನೆನಪು. ಎಲ್ಲರೂ ವರ್ಷಗಟ್ಟಲೆ ಹಾಗೇ ಹೇಳಿದ್ದರಿಂದ ನಾನೂ ಕಂಡೆನೆಂದುಕೊಂಡಿರಬಹುದು.

"ನನ್ನ ಆಕಳ ನಿನ್ನ ಮ್ಯಾಲ ಭಾಳ ಜೀವ ಇಟ್ಟೈತಲ್ಲೋ ಗುರುಬಸಪ್ಪಾ," ಎಂದ ಹುಸೇನಸಾಬ. ಅದು ಉಳಿಸಲಿಕ್ಕೋ ಕೆಣಕಲಿಕ್ಕೋ, ಇಂದಿಗೂ ತಿಳಿಯದು.

ಜನ ನಕ್ಕರು. ಕಾಕಾ ಸುಮ್ಮನಿದ್ದರೆ ಸಾಲಿನ ಕೊನೆಗೆ ನಿಲ್ಲುವವನು ಹುಸೇನಸಾಬ. ಅವನ ಎರಡು ಎತ್ತಿಗೆ ಬೇರೆ ಮೇವಿರಲಿಲ್ಲ.

"ಆಕಳ ನಂದೈತಿ. ಸಾಬ ಯಾಕ ಹಿಂದ ನಿಲ್ತಾನ? ನಾ ನಿಲ್ತೇನಿ," ಎಂದು ಕಾಕಾ ಕಾವಲಿನ ಕೋಲನ್ನು ಅಲ್ಲೇ ಕೆಳಗಿಟ್ಟ.

ಕೊಯ್ಲಿನ ದಿನ ಕಾಕಾ ಸಾಲಿನ ಕೊನೆಯಲ್ಲಿ ಕಂಡ. ಮೊಸರು ಹೇಗಿದೆ ಎಂದು ಕೇಳಿದೆ.

"ಹುಳಿ ಐತೋ ತಮ್ಮಾ. ದಾರಿ ದಂಡಿ ಹುಲ್ಲ ತಿಂದ್ರ ಮತ್ತೇನಾಗತೈತಿ?"

ಅಷ್ಟರಲ್ಲಿ ಮುಂದಿನವರತ್ತ ತಿರುಗಿ, "ಲೇ, ಬುಡಕ್ಕ ಕುಡಗೋಲ ಹಚ್ಚಬ್ಯಾಡ್ರೋ," ಎಂದು ಕೂಗಿದ. ಕುಡಗೋಲುಗಳೆಲ್ಲ ಗೇಣು ಮೇಲೆದ್ದವು, ಹೊಸ ಕಾವಲುಗಾರನದೂ.

ಮುಂದಿನ ಸಲ ನಾನು ಊರಿಗೆ ಹೋಗುವಷ್ಟರಲ್ಲಿ ಕಾಕಾ ತೀರಿಕೊಂಡಿದ್ದ. ಆಕಳು ಹುಸೇನಸಾಬನ ಕೊಟ್ಟಿಗೆಯಲ್ಲಿತ್ತು. ಯಾರದೆಂದು ಕೇಳಿದೆ, ಹುಸೇನಸಾಬನದೇ ಎಂದರು.