ಹಿಂಡಿಯ ಮುಂದೆ ಒಂದು ಶಬ್ದ ಸೇರಿಸಲು ಹೋದದ್ದು

ಮಂಗಳೂರಿನಿಂದ ಪುತ್ತೂರಿಗೆ ಹೋಗುವ ಬೆಳಗಿನ ಬಸ್ಸನ್ನು ನಾನು ಹತ್ತಿದ್ದು ಒಂದೇ ಒಂದು ಶಬ್ದ ಬರೆಯಲಿಕ್ಕೆ. ಚೀಲದಲ್ಲಿ ಒಂದು ಜೊತೆ ಬಟ್ಟೆ ಮತ್ತು ನಾಲ್ಕು ಪೆನ್ಸಿಲುಗಳಿದ್ದವು. ಟಿಕೇಟಿಗೆ ಒಂದೂಕಾಲು ರೂಪಾಯಿ. ಅದನ್ನು ಕಚೇರಿ ಕೊಡುವುದಿಲ್ಲವೆಂದು ಮೊದಲೇ ಹೇಳಿಯಾಗಿತ್ತು.

ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಪಶು ಆಹಾರ ತಯಾರಿಸುವ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಗುಮಾಸ್ತನಾಗಿದ್ದೆ. ತೌಡು, ಬೂಸ, ಹುರುಳಿ, ಹಿಂಡಿ, ಹೀಗೆ ದನಕ್ಕೆ ಹಾಕುವ ಪ್ರತಿಯೊಂದಕ್ಕೂ ಒಂದು ಕಾರ್ಡು ಮಾಡಿ, ಅದರಲ್ಲಿ ಸಸಾರಜನಕ ಎಷ್ಟು, ಕೊಬ್ಬು ಎಷ್ಟು, ನಾರು ಎಷ್ಟು ಎಂದು ಬರೆದಿಡುವುದು ನನ್ನ ಕೆಲಸ. ಆ ಅಂಕಿಗಳನ್ನು ನೋಡಿ ಯಾವುದನ್ನು ಎಷ್ಟು ಬೆರೆಸಬೇಕೆಂದು ಮೇಲಿನವರು ತೀರ್ಮಾನಿಸುತ್ತಿದ್ದರು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಗೇ ಆರು ಕಾರ್ಡುಗಳಿದ್ದವು: ನೆಲಕಡಲೆ, ಎಳ್ಳು, ತೆಂಗು, ಹತ್ತಿಬೀಜ, ಹೊಂಗೆ, ಹರಳು. ಕೊನೆಯ ಎರಡು ದನಕ್ಕಲ್ಲ, ಗೊಬ್ಬರಕ್ಕೆ ಎಂದು ಆ ಕಾರ್ಡುಗಳ ಮೇಲೆಯೇ ಬರೆದಿಟ್ಟಿದ್ದೆ. ಹೊಸದಾಗಿ ಬಂದ ಮೇಲ್ವಿಚಾರಕರಿಗೆ ಅದು ಸರಿಬೀಳಲಿಲ್ಲ. ಒಂದು ಹೆಸರಿಗೆ ಒಂದೇ ಕಾರ್ಡು ಎಂದರು. ಆರರ ಅಂಕಿಗಳನ್ನೂ ಕೂಡಿಸಿ, ಆರರಿಂದ ಭಾಗಿಸಿ, ‘ಹಿಂಡಿ’ ಎಂಬ ಒಂದೇ ಕಾರ್ಡು ಮಾಡಿದರು. ಲೋಕದಲ್ಲಿ ಎಲ್ಲಿಯೂ ಇಲ್ಲದ ಆ ಹಿಂಡಿಯನ್ನು ನಂಬಿ, ‘ತೌಡು ಮೂರು ಪಾಲು, ಹಿಂಡಿ ಎರಡು ಪಾಲು’ ಎಂಬ ಚೀಟಿ ಅಚ್ಚಾಗಿ ಪುತ್ತೂರು, ಸುಳ್ಯಗಳಿಗೆ ಹೋಯಿತು.

ಹರಳಿನ ಹಿಂಡಿ ದನಕ್ಕೆ ವಿಷ. ಅದು ಅಡಿಕೆ ತೋಟಕ್ಕೆ ಹಾಕುವ ಗೊಬ್ಬರ. ಮಳೆಗಾಲ ಮುಗಿದು ತೋಟಕ್ಕೆ ಗೊಬ್ಬರ ಕೊಡುವ ಹೊತ್ತು ಬೇರೆ, ಹಲವು ಮನೆಗಳಲ್ಲಿ ಅದರ ಮೂಟೆಗಳು ಬಂದು ಬಿದ್ದಿದ್ದವು. ಇದನ್ನೆಲ್ಲ ಹೇಳಿದೆ. ಮೇಲ್ವಿಚಾರಕರು ಬಯಲುಸೀಮೆಯವರು, ಅವರ ಊರಿನಲ್ಲಿ ಹಿಂಡಿ ಎಂದರೆ ಶೇಂಗಾ ಹಿಂಡಿಯೇ. ಮತ್ತೆ ಮತ್ತೆ ಹೇಳಿದಾಗ, ಅಷ್ಟು ಸಂಶಯವಿದ್ದರೆ ರಜೆ ಹಾಕಿ ನೀವೇ ಹೋಗಿ ತಿದ್ದಿ ಬನ್ನಿ ಎಂದರು. ಸಿಟ್ಟಿನಲ್ಲಿ ಹೊರಟುಬಿಟ್ಟೆ.

ಪುತ್ತೂರು ಮುಟ್ಟುವಾಗ ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು. ಹೋಟೆಲಿನಲ್ಲಿ ಅವಲಕ್ಕಿ ಸಜ್ಜಿಗೆ ತಿಂದು, ಚೀಟಿಗಳ ಕಟ್ಟು ಬಂದಿದ್ದ ಹಸೈನಾರ್ ಬ್ಯಾರಿಗಳ ಅಂಗಡಿಗೆ ಹೋದೆ. ಒಂದು ಚೀಟಿಯನ್ನು ಮೈದಾ ಅಂಟು ಹಾಕಿ ಬಾಗಿಲಿನ ಮೇಲೆ, ಯಾರ ಕಣ್ಣಿಗೂ ನಿಲುಕದಷ್ಟು ಎತ್ತರದಲ್ಲಿ ಹಚ್ಚಿದ್ದರು. ಉಳಿದವು ಜೀರಿಗೆ ಕಟ್ಟುವ ಪೊಟ್ಟಣಗಳಾಗಿದ್ದವು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಪ್ಪಿನ ಮೂಟೆಯ ಮೇಲೆ ಹತ್ತಿ ನಿಂತು, ಹಿಂಡಿಯ ಮುಂದೆ ‘ನೆಲಕಡಲೆ’ ಎಂದು ಬರೆದೆ. ಬ್ಯಾರಿಗಳು ಬೀಡಿ ಸೇದುತ್ತಾ ನೋಡುತ್ತಿದ್ದರು.

“ನೀವು ಸುಮ್ಮನೆ ಬಂದದ್ದು ಮಾರಾಯ್ರೆ. ಹಿಂಡಿ ಕೇಳಿದ್ರೆ ಹಸುವಿಗಾ ತೋಟಕ್ಕಾ ಅಂತ ನಾವು ಕೇಳಿಯೇ ಕೊಡುದು” ಎಂದರು.

ಮನೆಯಲ್ಲೇ ಮೂಟೆ ಇರುವವನು ನಿಮ್ಮನ್ನು ಕೇಳಲು ಬರುತ್ತಾನೆಯೇ ಎಂದೆ. ಅವರು ಹೊಗೆ ಬಿಟ್ಟು ಇಲ್ಲವೆಂದು ತಲೆಯಾಡಿಸಿದರು. ಉಳಿದ ಪೊಟ್ಟಣಗಳನ್ನೂ ತಿದ್ದಲು ಕುಳಿತರೆ ಗಿರಾಕಿಗಳಿಗೆ ಅಡ್ಡವಾಗುತ್ತದೆಂದು ನನ್ನನ್ನು ನಯವಾಗಿ ಹೊರಗೆ ಹಾಕಿದರು.

ಮಧ್ಯಾಹ್ನದ ಬಸ್ಸಿಗೆ ಸುಳ್ಯಕ್ಕೆ ಹೋದೆ. ದಾರಿಯಲ್ಲಿ ಟಯರು ಒಡೆಯಿತು. ಅದನ್ನು ಬದಲಿಸುವಷ್ಟರಲ್ಲಿ ಗುಡುಗು ಸಹಿತ ಮಳೆ ಸುರಿದು, ನಾವೆಲ್ಲ ಒಂದು ಹಲಸಿನ ಮರದ ಕೆಳಗೆ ನೆನೆದೆವು, ಚೀಲದೊಳಗಿನ ಬಟ್ಟೆಯೂ ನೆನೆಯಿತು. ಆ ರಾತ್ರಿ ಸುಳ್ಯದಲ್ಲಿ ಒದ್ದೆ ಬಟ್ಟೆಯಲ್ಲೇ ಮಲಗಿ ಬೆಳಿಗ್ಗೆ ಆಲೆಟ್ಟಿಗೆ ನಡೆದೆ. ಅಲ್ಲಿನ ಶಾಲೆಗೂ ಒಂದು ಚೀಟಿ ಕಳುಹಿಸಿದ್ದರು.

ಶಾಲೆಯ ಮಾಸ್ತರು ಬಹಳ ಸಂತೋಷದಿಂದ ಬರಮಾಡಿಕೊಂಡರು. ನಿಮ್ಮ ಚೀಟಿ ತುಂಬಾ ಉಪಯೋಗಕ್ಕೆ ಬಂತು, ಅಕ್ಷರ ದುಂಡಗಾಗಲೆಂದು ನಾಲ್ಕನೆಯ ತರಗತಿಯವರಿಂದ ಅದನ್ನೇ ಕಾಪಿ ಬರೆಸಿ ಮನೆಗೆ ಕಳುಹಿಸಿದೆ ಎಂದರು. ನಾನು ಬೆಂಚಿನ ಮೇಲೆ ಕುಳಿತುಬಿಟ್ಟೆ. ಇದ್ದ ಒಂದು ತಪ್ಪು ದುಂಡಗಿನ ಅಕ್ಷರಗಳಲ್ಲಿ ಊರೆಲ್ಲ ಹಂಚಿಹೋಗಿತ್ತು. ವಿಷಯ ಕೇಳಿ ಮಾಸ್ತರು ಗಾಬರಿಯಾಗಿ, ಆಗಲೇ ಮಕ್ಕಳಿಂದ ‘ನೆಲಕಡಲೆ ಹಿಂಡಿ’ ಎಂದು ಬರೆಸಿ, ಗಟ್ಟಿಯಾಗಿ ಹೇಳಿಸಿ, ಮನೆಯವರಿಗೆ ತಿಳಿಸಲು ಓಡಿಸಿದರು. ಯಾವ ದನಕ್ಕೂ ಏನೂ ಆಗಿಲ್ಲವೆಂದು ಮಕ್ಕಳು ಮರಳಿ ಬಂದು ಹೇಳಿದರು.

“ಕಾಗದ ನೋಡಿ ದನ ಸಾಕುವವರು ಇಲ್ಲಿ ಯಾರೂ ಇಲ್ಲ ಮಾರಾಯ್ರೆ” ಎಂದ ಮಾಸ್ತರು ಮರುಗಳಿಗೆಯೇ ನೆನಪಿಸಿಕೊಂಡು, “ಒಬ್ಬರು ಉಂಟು. ಆದ್ರೆ ಅವರು ಕಡಬದವರು” ಎಂದರು.

ಆ ಒಬ್ಬರು ಅಡಿಕೆ ಕೊಳ್ಳಲು ಬಂದಿದ್ದ ಅದ್ರಾಮ ಬ್ಯಾರಿ. ಮಗಳು ಹೆತ್ತು ಮನೆಗೆ ಬಂದಿದ್ದಾಳೆ, ಅವಳಿಗೆ ಎದೆಹಾಲಿಲ್ಲ, ಕೂಸಿಗೆ ಮನೆಯ ಒಂದೇ ಹಸುವಿನ ಹಾಲೇ ಗತಿ, ಅದೂ ಕಡಿಮೆಯಾಗುತ್ತಿದೆ ಎಂದು ಹೇಳಿಕೊಂಡಿದ್ದರಂತೆ. ಪಾಪ ಎಂದು ಮಾಸ್ತರು ಅಚ್ಚಿನ ಚೀಟಿಯನ್ನೇ ಕೊಟ್ಟಿದ್ದರು. ಅವರಿಗೆ ಅಡಿಕೆ ತೋಟವಿದೆಯೇ ಎಂದು ಕೇಳಿದೆ. ಇದೆ ಎಂದರು. ನಿನ್ನೆಯಷ್ಟೇ ಹೋದದ್ದು, ಇವತ್ತು ತೌಡು ತರಿಸುತ್ತೇನೆ ಎಂದಿದ್ದರು ಎಂದೂ ಹೇಳಿದರು. ನಾನು ಚೀಲ ಹೆಗಲಿಗೆ ಹಾಕಿ ಹೊರಟೆ.

ಬೆಳ್ಳಾರೆಯವರೆಗೆ ಬಸ್ಸು. ಅಲ್ಲಿಂದ ಜೀಪು ಸಿಕ್ಕಿತು, ಆದರೆ ಜನ ತುಂಬದೆ ಹೊರಡುವುದಿಲ್ಲವೆಂದು ಡ್ರೈವರು ಸೀಟಿನಲ್ಲಿ ಮಲಗಿದ. ತುಂಬಿದ ಮೇಲೂ ಇನ್ನಿಬ್ಬರು ಬರಲೆಂದು ಕಾದ. ಕೊನೆಗೆ ಕುಮಾರಧಾರೆಯ ದಡಕ್ಕೆ ಬಂದರೆ, ದೋಣಿಯವ ಆಚೆ ದಡದಲ್ಲಿ ಊಟಕ್ಕೆ ಕುಳಿತಿದ್ದ. ಕೂಗಿದೆ. ಅವನು ಕೈಯೆತ್ತಿ ತೋರಿಸಿ ಮತ್ತೆ ಅನ್ನಕ್ಕೆ ಕೈ ಹಾಕಿದ. ಮೇಲ್ವಿಚಾರಕರನ್ನು, ಜೀಪಿನವನನ್ನು, ಆ ಅನ್ನವನ್ನು, ಎಲ್ಲವನ್ನೂ ಮನಸ್ಸಿನಲ್ಲೇ ಬೈದೆ. ಕೂಸಿನ ನೆನಪಾದಾಗ ಬೈಯಲೂ ಆಗಲಿಲ್ಲ.

ಕಡಬದಲ್ಲಿ ದಾರಿ ಕೇಳಿ ಅದ್ರಾಮ ಬ್ಯಾರಿಗಳ ಮನೆ ಮುಟ್ಟುವಾಗ ಸಂಜೆಯಾಗಿತ್ತು. ಅಂಗಳದಲ್ಲಿ ಬಾನಿಯ ಮುಂದೆ ಅವರು ಕುಳಿತು, ಚೀಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು, ತೆಂಗಿನ ಗೆರಟೆಯಲ್ಲಿ ಅಳೆದು ಅಳೆದು ಬೆರೆಸುತ್ತಿದ್ದರು. ಪಕ್ಕದಲ್ಲಿ ಗೊಬ್ಬರಕ್ಕೆ ತಂದ ಹರಳಿನ ಹಿಂಡಿಯ ಬಾಯಿ ಬಿಚ್ಚಿದ ಮೂಟೆ. ಹಸು ಹಗ್ಗ ಜಗ್ಗುತ್ತಿತ್ತು. ನಾನು ಓಡಿಹೋಗಿ ಬಾನಿಯನ್ನು ಹಿಡಿದುಕೊಂಡೆ.

ಯಾರು, ಎಂತ ಎಂದು ಅವರು ಎದ್ದು ನಿಂತರು. ಏದುಸಿರು ಬಿಡುತ್ತಲೇ ಎಲ್ಲ ಹೇಳಿದೆ. ಅವರು ಚೀಟಿಯನ್ನು ನನ್ನ ಮುಖದ ಮುಂದೆ ಹಿಡಿದರು.

“ಇದರಲ್ಲಿ ಹಿಂಡಿ ಅಂತ ಉಂಟಾ ಇಲ್ವಾ?”

ಉಂಟು ಎಂದೆ. ಮುಂದೆ ಒಂದು ಶಬ್ದ ಬಿಟ್ಟುಹೋಗಿದೆ ಎಂದು ಪೆನ್ಸಿಲು ತೆಗೆದು ಬರೆದು ತೋರಿಸಿದೆ.

“ಪೆನ್ಸಿಲಿನಲ್ಲಿ ನಾನೂ ಬರೀಬಹುದು. ಪ್ರಿಂಟ್ ಮಾಡಿದ್ದು ಸುಳ್ಳು, ನೀವು ಈಗ ಗೀಚಿದ್ದು ಸತ್ಯ ಅಂತ ಹೇಗೆ ನಂಬುದು?”

ನನಗೆ ತಲೆ ಕೆಟ್ಟಿತು. ಆ ಅಚ್ಚಿನ ಹಿಂದಿನ ಕಾರ್ಡು ಬರೆಯುವವನೇ ನಾನು ಎಂದೆ. ಹಾಗಾದರೆ ತಪ್ಪು ಬರೆದವನೂ ನೀನೇ ಅಲ್ಲವೇ ಎಂಬಂತೆ ನೋಡಿದರು. ಕೂಡಿಸಿ ಭಾಗಿಸಿದ ಕಥೆ ಹೇಳಿದರೆ ಇನ್ನಷ್ಟು ಸಂಶಯಪಟ್ಟರು. ಅವರು ಬಾನಿಯನ್ನು ಅತ್ತ ಎಳೆದರು, ನಾನು ಇತ್ತ ಎಳೆದೆ. ಒಳಗೆ ಕೂಸು ಅಳಲು ಸುರುಮಾಡಿತು.

ಅವರ ಹೆಂಡತಿ ಐಸಮ್ಮ ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದರು. ಓದು ಬರಹ ಬಾರದವರು. ಅಂಗಳಕ್ಕಿಳಿದು ಬಂದು ನನ್ನ ಮೊಣಕಾಲವರೆಗಿನ ಕೆಸರನ್ನು ಒಮ್ಮೆ ನೋಡಿದರು.

“ಪ್ರಿಂಟ್ ಮಾಡಿದವರು ಯಾರೂ ಬರ್ಲಿಲ್ಲ. ಇವರು ಹೊಳೆ ದಾಟಿ ಬಂದಿದ್ದಾರೆ” ಎಂದು ಗಂಡನಿಗೆ ಹೇಳಿ, ಬಾನಿಯನ್ನು ಇಬ್ಬರ ಕೈಯಿಂದಲೂ ತೆಗೆದುಕೊಂಡು ಹೋಗಿ ಅಡಿಕೆ ಮರದ ಬುಡಕ್ಕೆ ಬೋರಲು ಹಾಕಿದರು. ಮೇಲೆ ಮಣ್ಣನ್ನೂ ಎಳೆದರು.

ನನಗೆ ಕಣ್ಣು ತುಂಬಿ ಬಂತು. ಅದ್ರಾಮ ಬ್ಯಾರಿಗಳು ಮೂಟೆಯ ಬಾಯಿ ಕಟ್ಟಿದರು. ಚಾ ಕುಡಿದು ಹೋಗಿ ಎಂದು ಐಸಮ್ಮ ಹೇಳಿದರು. ಕುಡಿದೆ. ಹಾಲು ಹಾಕದ ಚಾ. ಇದ್ದ ಹಾಲು ಕೂಸಿಗೆ.

ಗದ್ದೆಯ ಬದುವಿನ ಮೇಲೆ ನಡೆದು ರಸ್ತೆ ಹತ್ತುವಾಗ ತಿರುಗಿ ನೋಡಿದೆ. ಬರೀ ಒಣಹುಲ್ಲು ಹಾಕಿದ್ದಕ್ಕೆ ಹಸುವಿಗೆ ಕೋಪ ಬಂದಿತ್ತು. ಬಾಯಿಗೆ ಬಂದ ತುತ್ತನ್ನು ಕಿತ್ತುಕೊಂಡ ನನ್ನ ಕಡೆಗೇ ಕತ್ತು ಚಾಚಿ, ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಕೂಗಲಿ ಎಂದುಕೊಂಡೆ. ನಾಳೆಯೂ ಕೂಗಲಿ.