ಬಾವಿಗೆ ಮರಳುವ ನೀರು

ನೀರು ಸೋಸಿದ ಬಟ್ಟೆಯನ್ನು ಆಯಿ ಎಂದೂ ಹಿಂಡಿದವಳಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆಂದು ಮೆಲ್ಲಗೆ ನೀರು ಹನಿಸಿ ತೊಳೆದು, ಆ ನೀರನ್ನು ಕೊಡದಲ್ಲಿ ಇಳಿಬಿಟ್ಟು ಅದೇ ಬಾವಿಗೆ ಸೇರಿಸುತ್ತಿದ್ದಳು. ಅಥಣಿಯ ನಮ್ಮ ಜೈನರ ಓಣಿಯಲ್ಲಿ ಸೋಸದವರಿಲ್ಲ; ಇಷ್ಟು ಹಟದಿಂದ ತಿರುಗಿ ಬಿಡುತ್ತಿದ್ದವಳು ಅಪ್ಪನ ತಾಯಿ, ನಮ್ಮ ಆಯಿ ಒಬ್ಬಳೇ. ನಳ ಬಂದ ಮೇಲೂ ಅವಳು ಬಾವಿ ಬಿಡಲಿಲ್ಲ.

ಅವಳಿಗೆ ಸಕ್ಕರೆ ಕಾಯಿಲೆ. ತೊಂಬತ್ತರ ದಶಕದಲ್ಲಿ ಗುಳಿಗೆಗಳು ನಾಟದಾದವು, ಕಾಲಿನ ಗಾಯ ಮಾಯಲಿಲ್ಲ. ಡಾಕ್ಟರು ಇನ್ಸುಲಿನ್ ಬರೆದರು. ಅದನ್ನು ಕೊಂದ ದನ, ಹಂದಿಗಳಿಂದ ತೆಗೆಯುತ್ತಾರೆಂದು ತಿಳಿದದ್ದೇ ತಡ, ಆಯಿ ಸೆರಗಿನಿಂದ ತೋಳು ಮುಚ್ಚಿಕೊಂಡಳು. ಅಪ್ಪ ಅತ್ತರೂ ತೆಗೆಯಲಿಲ್ಲ.

ಮಿರಜದಲ್ಲಿ ಔಷಧದಂಗಡಿ ಇಟ್ಟಿದ್ದ ನಿಸಾರ ಚಾಚಾ ಅಪ್ಪನಿಗೆ ಬೇರೆ ದಾರಿ ತೋರಿಸಿದರು. ಸೂಕ್ಷ್ಮಜೀವಿಗಳಿಗೆ ಹೊಸ ಗುಣ ಸೇರಿಸಿ ಅವುಗಳಿಂದಲೇ ಇನ್ಸುಲಿನ್ ಮಾಡಿಸುತ್ತಾರಂತೆ. ಆಯಿ ಕೇಳಿದ್ದು ಒಂದೇ ಮಾತು.

"ಕೆಲಸಾ ಮುಗದ ಮ್ಯಾಲ ಆ ಜೀವಗೋಳನ್ನ ಏನ್ ಮಾಡ್ತಾರ?"

ತಿರುಗಿ ಬಿಡುತ್ತಾರೆಂದು ಅಪ್ಪ ಸಲೀಸಾಗಿ ಸುಳ್ಳು ಹೇಳಿದ. ಆಯಿ ತೋಳು ಚಾಚಿದಳು. ಬಿ.ಎ. ಮುಗಿಸಿ ಮನೆಯಲ್ಲಿದ್ದ ನಾನೇ ಸೂಜಿ ಹಾಕುತ್ತಿದ್ದೆ. ಹಾಕಿದ ಮೇಲೆ ಸೀಸೆಯನ್ನು ಬೆಳಕಿಗೆ ಹಿಡಿದು ಎಷ್ಟು ಉಳಿದಿದೆಯೆಂದು ನೋಡುವಾಗ ದಿನಾ, ಮುಂದಿನ ಸೀಸೆ ಬಾರದಿದ್ದರೆ ಎನಿಸುತ್ತಿತ್ತು.

ಕೊನೆಗೆ ಅದೇ ಆಯಿತು. ಹೊಸ ಇನ್ಸುಲಿನ್ ಮಾಡುವ ಪರದೇಶಿ ಕಂಪನಿಯಿಂದ ಮಾಲು ಬರುವುದು ನಿಂತಿತು. ಆ ಸೂಕ್ಷ್ಮಜೀವಿಗಳ ಪೇಟೆಂಟು, ಅಂದರೆ ಒಡೆತನದ ಹಕ್ಕು, ಆ ಕಂಪನಿಯದು, ಬೇರೆಯವರು ಮಾಡುವಂತಿಲ್ಲ ಎಂದು ಚಾಚಾ ಕೈಚೆಲ್ಲಿದರು. ಆಯಿಗೆ ಇದು ಅರ್ಥವೇ ಆಗಲಿಲ್ಲ.

"ಅದರ ಜೀವಾ ಅದರದು. ಅದಕ್ಕ ಇವರು ಹೆಂಗ ಮಾಲಕರಾಗ್ತಾರ?"

ದನ, ಹಂದಿಗಳಿಂದ ತೆಗೆದ ಹಳೆಯ ಇನ್ಸುಲಿನ್ ಬೇಕಾದಷ್ಟು ಸಿಗುತ್ತಿತ್ತು. ಅವಳಿಗೆ ಬೇಡವಾಗಿತ್ತು. ಸೀಸೆ ಬರಿದಾಯಿತು. ಒಂದು ಮುಂಜಾನೆ ಬಾವಿಕಟ್ಟೆಯ ಹತ್ತಿರ ಆಯಿ ಮಾತಿಲ್ಲದೆ ಬಿದ್ದಿದ್ದಳು. ಜೀಪಿನಲ್ಲಿ ಮಿರಜದ ಆಸ್ಪತ್ರೆಗೆ ಒಯ್ದೆವು. ಅಲ್ಲಿ ಯಾವ ಔಷಧ ನಡೆಯುತ್ತದೆಂದು ಯಾರೂ ಕೇಳಲಿಲ್ಲ. ನರ್ಸಿನ ಕೈಯಲ್ಲಿದ್ದದ್ದು ಹಳೆಯದೇ. ನಾನೂ ಅಪ್ಪನೂ ತಡೆಯಲಿಲ್ಲ.

ಮಧ್ಯಾಹ್ನ ಕಣ್ಣು ಬಿಟ್ಟ ಆಯಿ, ಯಾವ ಸೂಜಿ ಹಾಕಿದರೆಂದು ಕೇಳಿದಳು. ಹೊಸದೇ ಎಂದ ಅಪ್ಪ. ಅವಳು ನನ್ನ ಕಡೆ ತಿರುಗಿದಳು. ನನ್ನನ್ನೇ ಕೇಳಿಬಿಟ್ಟರೆ ಎಂದು ಹೆದರಿ ನಾನು ಅವಳ ಹೊದಿಕೆ ಸರಿಮಾಡತೊಡಗಿದೆ. ಅವಳು ಅದನ್ನು ಕೇಳಲಿಲ್ಲ.

"ಸೋಸೂ ಬಟ್ಟಿ ಕಟ್ಟಿ ಮ್ಯಾಲೇ ಉಳದೈತಿ. ಒಣಗಿದ್ರ ಜೀವಾ ಹೋಗ್ತಾವ. ನೀ ಹೋಗಿ ನೀರ ಬಿಟ್ಟ ಬಾ."

ಸಿಕ್ಕ ಬಸ್ಸು ಹತ್ತಿದೆ. ನಾನು ಮನೆ ಮುಟ್ಟುವಷ್ಟರಲ್ಲಿ ಬಟ್ಟೆ ಬಿಸಿಲಿಗೆ ಒಣಗಿ ಸೆಟೆದಿತ್ತು. ಆದರೂ ನೀರು ಹನಿಸಿದೆ, ಕೊಡ ಇಳಿಬಿಟ್ಟೆ. ಎಲ್ಲಾ ಬದುಕಿದ್ದವು ಎಂದು ಹೇಳಬೇಕೆಂದು ಮಿರಜಕ್ಕೆ ಓಡಿದೆ. ಕೇಳಲು ಆಯಿ ಇರಲಿಲ್ಲ.