ತಟ್ಟೆಯಲ್ಲಿ ಬಾಯಿ ಬಿಟ್ಟ ಮೀನು

ಹೆತ್ತೂರಿನಾಚೆಯ ಕಾಫಿ ಎಸ್ಟೇಟೊಂದರಲ್ಲಿ ನನ್ನ ಗಂಡ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಎಸ್ಟೇಟಿನ ಒಡೆಯರಾದ ಸಾಹುಕಾರರ ಬಂಗಲೆಗೆ ನೆಂಟರು ಬಂದಾಗ ಹೋಗಿ ಅಡುಗೆಗೆ ನಿಲ್ಲುವುದು ರೈಟರ ಹೆಂಡತಿಗೆ ತಾನಾಗಿ ಅಂಟಿಕೊಂಡ ಕೆಲಸ. ಆ ವರ್ಷ ಹಣ್ಣು ಕುಯ್ಲಿನ ಕಾಲದಲ್ಲಿ ನೆಂಟರು ಒಬ್ಬರ ಹಿಂದೊಬ್ಬರು ಬಂದರು. ಒಲೆಯ ಮುಂದೆ ನಿಂತು ನಿಂತು ನನ್ನ ಕಾಲು ಬಾತುಕೊಂಡಿತ್ತು. ಮನೆಗೆ ಬಂದರೆ ನಮ್ಮದೇ ಅಡುಗೆಗೆ ಕೈ ಏಳುತ್ತಿರಲಿಲ್ಲ.

ಕೊನೆಗೆ ಬಂದವರು ಸಾಹುಕಾರರ ಹೆಂಡತಿಯ ತಮ್ಮ. ಯಂತ್ರಗಳ ವ್ಯಾಪಾರಕ್ಕೆಂದು ಜಪಾನಿಗೆ ಹೋಗಿ ಆಗಷ್ಟೇ ಮರಳಿದ್ದರು. ಅಲ್ಲಿ ಮೀನನ್ನು ಜೀವ ಇರುವಾಗಲೇ ತಿನ್ನುತ್ತಾರಂತೆ, ಸೀಗಡಿ ನಾಲಿಗೆಯ ಮೇಲೆ ಮಿಸುಕುತ್ತದಂತೆ, ದೊಡ್ಡ ಅತಿಥಿಗಳಿಗೆ ಅದೇ ಮರ್ಯಾದೆಯಂತೆ. ಬಂದಾಗಿನಿಂದ ಇದೇ ಮಾತು. ಎಲ್ಲರಿಗೂ ಅದರ ರುಚಿ ತೋರಿಸದೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದರು.

ಭಾನುವಾರ ಬೆಳಿಗ್ಗೆ ಗಂಡ ಬಂದು, "ಲೈನಿನ ಆಳ್ಗಳು ಕೆರೇಲಿ ಕೊರವ ಮೀನು ಹಿಡ್ಕಂಬಂದವ್ರೆ. ಬಂಗಲೆ ತೊಟ್ಟೀಲಿ ಬುಟ್ಟಿದೀವಿ. ಸಾಯಿಸ್ಬಾರ್ದಂತೆ ಕಣೆ," ಎಂದರು.

"ಸಾಯಿಸ್ದೆ ಹೆಂಗ್ರೀ ಕುಯ್ಯೋದು?"

"ನಂಗೇನ್ ಗೊತ್ತು? ಅವ್ರೇ ತೋರುಸ್ಕೊಡ್ತಾರಂತೆ."

ತೋರಿಸಿಕೊಡಲು ಅತಿಥಿ ಅಂಗಿಯ ತೋಳು ಮಡಿಚಿಕೊಂಡು ಅಡುಗೆಮನೆಗೆ ಬಂದರು. ತಲೆ ಮತ್ತು ಬಾಲವನ್ನು ಹಾಗೇ ಬಿಟ್ಟು, ಪಕ್ಕದ ಮಾಂಸವನ್ನು ಮಾತ್ರ ಎಲೆಯಷ್ಟು ತೆಳ್ಳಗೆ ಕೊಯ್ದು, ಮತ್ತೆ ಮೀನಿನ ಮೇಲೇ ಜೋಡಿಸಬೇಕಂತೆ. ಚಾಕು ಹಿಡಿದರು. ಮೀನು ಕೈಯಿಂದ ಜಾರಿ ಒಲೆಯ ಬುಡಕ್ಕೆ ಹೋಯಿತು. ಎರಡನೇ ಸಲ ಹಿಡಿಯುವಾಗ ತಮ್ಮ ಬೆರಳನ್ನೇ ಕೊಯ್ದುಕೊಂಡರು. ನಾನು ನೋಡುತ್ತ ನಿಂತಿದ್ದೆ. ಹೊತ್ತೇರುತ್ತಿತ್ತು, ಅನ್ನಕ್ಕಿನ್ನೂ ಎಸರಿಟ್ಟಿರಲಿಲ್ಲ.

"ಕೊಡಿ ಇತ್ಲಾಗೆ," ಎಂದೆ.

ಕೈಗೆ ಬೂದಿ ಬಳಿದುಕೊಂಡು ಮೀನು ಹಿಡಿದೆ. ಅವರು ಹೇಳಿದಂತೆ ಕೊಯ್ದೆ. ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅನ್ನಿಸಿದ್ದನ್ನೆಲ್ಲ ಯೋಚಿಸುವಷ್ಟು ಕಸುವು ನನ್ನಲ್ಲಿರಲಿಲ್ಲ. ಬೇಗ ಮುಗಿದರೆ ಸಾಕಾಗಿತ್ತು.

ತಟ್ಟೆಯನ್ನು ಮೇಜಿನ ಮೇಲಿಟ್ಟಾಗ ಮೀನು ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು. ಅತಿಥಿ ತಾವು ಜಪಾನಿನಿಂದ ತಂದ ಸೀಸೆಯಿಂದ ಉಪ್ಪುಪ್ಪಾದ ಕರಿ ರಸ ಸುರಿದು, ಅಲ್ಲಿಯವರು ಊಟಕ್ಕೆ ಬಳಸುವ ಜೋಡಿ ಕಡ್ಡಿಗಳಲ್ಲಿ ಒಂದು ಚೂರೆತ್ತಿ ಬಾಯಿಗಿಟ್ಟರು. ಸಾಹುಕಾರರು ಭಾವಮೈದುನನ ಮರ್ಯಾದೆಗೆ ಒಂದು ಚೂರು ಅಗಿಯದೇ ನುಂಗಿದರು. ಸಾಹುಕಾರರ ಹೆಂಡತಿ ಕಿಟಕಿಯ ಕಡೆ ತಿರುಗಿ ಕುಳಿತರು.

ಸಾಹುಕಾರರ ತಾಯಿ, ನಾವೆಲ್ಲ ದೊಡ್ಡಮ್ಮೋರು ಎನ್ನುತ್ತಿದ್ದವರು, ಕಣ್ಣು ಕಿರಿದು ಮಾಡಿ ತಟ್ಟೆಯನ್ನೇ ನೋಡುತ್ತಿದ್ದರು.

"ಬಾಯಿ ಬಿಡ್ತಾ ಐತಲ್ರೋ. ನೀರ್ ಕೇಳ್ತೈತೆ," ಎಂದರು.

"ಅದು ಬರೀ ನರ ಎಳೆಯೋದು ಅಜ್ಜಿ, ಅದಕ್ಕೇನೂ ಗೊತ್ತಾಗಲ್ಲ," ಎಂದು ಅತಿಥಿ ನಕ್ಕರು.

ದೊಡ್ಡಮ್ಮೋರು ತಮ್ಮ ಲೋಟದಿಂದ ಚಮಚದಲ್ಲಿ ನೀರು ತೆಗೆದು, ಮೇಜಿನ ಮೇಲೆ ಬಾಗಿ, ಮೀನಿನ ಬಾಯಿಗೆ ಬಿಟ್ಟರು. ತಮ್ಮ ಗಂಡ ಸಾಯುವಾಗ ಹೀಗೇ ಬಿಟ್ಟಿದ್ದರೋ ಏನೋ, ಚಮಚದಿಂದ ಒಂದು ಹನಿಯೂ ಚೆಲ್ಲಲಿಲ್ಲ. ನೀರು ಕಿವಿರಿನಿಂದ ಸೋರಿ ಆ ಕರಿ ರಸಕ್ಕೆ ಸೇರಿತು. ಇನ್ನೊಂದು ಚಮಚ ಬಿಟ್ಟರು. ಬಾಯಿ ತೆರೆದೇ ನಿಂತಿತು.

ಯಾರೂ ಕೈ ಹಾಕಲಿಲ್ಲ. ಅತಿಥಿ ಕಡ್ಡಿಗಳನ್ನು ಕೆಳಗಿಟ್ಟು ಕೊಯ್ದ ಬೆರಳಿಗೆ ಸುತ್ತಿದ್ದ ಬಟ್ಟೆ ಸರಿಮಾಡಿಕೊಂಡರು. ಕೊನೆಗೆ ಸಾಹುಕಾರರು ನನ್ನ ಕಡೆ ನೋಡಿ, "ತಗೊಂಡ್ಹೋಗಮ್ಮ. ಬೇರೆ ಏನಾದ್ರೂ ಮಾಡು," ಎಂದರು.

ಬೇರೆ ಏನಾದರೂ ಎಂದರೆ ಮತ್ತೆ ಖಾರ ಅರೆಯಬೇಕು, ಹುಣಸೆಹಣ್ಣು ನೆನೆಹಾಕಬೇಕು, ಅಷ್ಟೂ ಜನಕ್ಕೆ ಅಕ್ಕಿರೊಟ್ಟಿ ತಟ್ಟಬೇಕು. ಒರಳಿನ ಮುಂದೆ ಕುಳಿತವಳಿಗೆ ಅಳು ಬಂತು. ಮೀನಿಗಾಗಿಯೋ ನನಗಾಗಿಯೋ, ಈಗಲೂ ಬಿಡಿಸಿ ಹೇಳಲಾರೆ.

ದೊಡ್ಡಮ್ಮೋರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಅವರು ಅಲ್ಲಿಗೆ ಕಾಲಿಟ್ಟು ವರ್ಷಗಳಾಗಿದ್ದವು. ಮಣೆ ಎಳೆದು ನನ್ನ ಪಕ್ಕ ಕುಳಿತು, ಬೆಳ್ಳುಳ್ಳಿಯ ಬುಟ್ಟಿಯನ್ನು ಮಡಿಲಿಗೆ ತೆಗೆದುಕೊಂಡರು.

"ಬುಡಿ ಅಮ್ಮೋರೇ, ನಾನ್ ಮಾಡ್ಕಂತೀನಿ."

"ಸುಮ್ಕಿರವ್ವ. ನಿಂಗೂ ಸಾಕಾಗ್ಬುಟ್ಟೈತೆ."

ಅವರು ಬೆಳ್ಳುಳ್ಳಿ ಸುಲಿದರು, ನಾನು ಖಾರ ಅರೆದೆ. ಅತಿಥಿ ಆ ಮಧ್ಯಾಹ್ನ ಅದೇ ಮೀನಿನ ಸಾರಿನಲ್ಲಿ ಬೇಕಾದಷ್ಟು ರೊಟ್ಟಿ ತಿಂದು, ರುಚಿಯಾಗಿದೆಯೆಂದು ಒಳಗೆ ಹೇಳಿಕಳಿಸಿದರು. ಇನ್ನು ಬಂಗಲೆಯ ಅಡುಗೆಗೆ ಹೋಗುವುದಿಲ್ಲವೆಂದು ನಾನು ಗಂಡನಿಗೆ ಹೇಳಿದೆ. ಅವರು ಹೂಂ ಎಂದರು. ಮುಂದಿನ ಕುಯ್ಲಿಗೆ ನೆಂಟರು ಬಂದರು, ಬಂಗಲೆಯಿಂದ ಹೇಳಿಕಳಿಸಿದರು, ಹೋದೆ.